ಮೇಸ್ತ್ರಿಯವರ ಆರ್‌ಎಕ್ಸ್ ನೂರು

ಹಳೆಯದೆಲ್ಲವೂ ಪುರಾತನವಲ್ಲ ಎಂಬುದನ್ನು ನಮ್ಮ ಸರಕಾರವೂ ಒಪ್ಪುತ್ತದೆ. 2021ರ ಜುಲೈ ತಿಂಗಳಲ್ಲಿ ಕೇಂದ್ರದ ಸಾರಿಗೆ ಸಚಿವಾಲಯವು ಹೊರಡಿಸಿದ ನಿಯಮದಂತೆ, ಮೊದಲು ನೋಂದಣಿಯಾದ ದಿನದಿಂದ 50 ವರ್ಷ ಕಳೆದ, ಮೂಲಸ್ವರೂಪದಲ್ಲೇ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಮಾತ್ರ 'ವಿಂಟೇಜ್' ಎಂಬ ಗೌರವ ಸಲ್ಲುತ್ತದೆ. ಆ ಲೆಕ್ಕದಲ್ಲಿ ನಾನು ಇಂದು ಬರೆಯಹೊರಟಿರುವ ಬೈಕು ಇನ್ನೂ ಬಾಲಕ. 1987ರಲ್ಲಿ ನೋಂದಣಿಯಾದ ಅದಕ್ಕೆ ಆ ಪಟ್ಟ ಸಿಗಬೇಕಾದರೆ 2037ರವರೆಗೆ ಕಾಯಬೇಕು. ಆದರೆ ಅದರ ಒಡೆಯರಿಗೆ ಹಾಗೆ ಕಾಯುವ ಅವಕಾಶವಿರಲಿಲ್ಲ. ಈ ಲೇಖನಕ್ಕೆ ಕಾರಣವೇ ಅದು.

ಒಡೆಯರೆಂದರೆ ನನ್ನ ನೆರೆಮನೆಯ ಮಿತ್ರರು. ಮಣ್ಣಗುಡ್ಡದಲ್ಲಿ ಅವರ ಹೆಸರನ್ನು ಹಿಡಿದು ಕರೆಯುವವರು ಕಡಿಮೆ; ಎಲ್ಲರಿಗೂ ಅವರು 'ಮೇಸ್ತ್ರಿ'. ಖಾಸಗಿ ಬಸ್ಸುಗಳ ಗ್ಯಾರೇಜೊಂದರಲ್ಲಿ 34 ವರ್ಷ ದುಡಿದು ಹಿರಿಯ ಮೇಸ್ತ್ರಿಯಾಗಿ ನಿವೃತ್ತರಾದವರು. ನಾನು ಅವರಿಗೆ 'ಮಾಷ್ಟ್ರು'. ಗಾಂಧಿ ಪಾರ್ಕಿನ ಕಡೆಗೆ ಸಂಜೆ ಒಟ್ಟಿಗೆ ನಡೆದುಹೋಗುವ ಅಭ್ಯಾಸ ನಮ್ಮಿಬ್ಬರಿಗೂ ಬಹಳ ಕಾಲದ್ದು. ಅವರ ಮಗಳು ನನ್ನ ವಿದ್ಯಾರ್ಥಿನಿಯೂ ಹೌದು. ಹೆಸರು ಹೇಳದಿದ್ದರೂ ನಿಮ್ಮಲ್ಲಿ ಆ ತಂಡದವರಿಗೆ ಅವಳ ನೆನಪಾಗಬಹುದು. ಗಣಿತದಲ್ಲಿ ಉತ್ತರ ತಪ್ಪಾದರೂ ಹಂತಗಳನ್ನು ಬಿಡದೆ ಬರೆಯುತ್ತಿದ್ದ ಹುಡುಗಿ.

ಆ ಬೈಕಿನ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1980ರ ದಶಕದ ನಡುವಿನವರೆಗೆ ನಮ್ಮ ರಸ್ತೆಗಳಲ್ಲಿದ್ದುದು ಬುಲೆಟ್, ರಾಜದೂತ್, ಮತ್ತು 1961ರಿಂದ ನಮ್ಮ ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾವಾ, ಆಮೇಲಿನ ಯೆಜ್ಡಿ. ವಿದೇಶೀ ಸಹಯೋಗಕ್ಕೆ ಸರಕಾರವು ಬಾಗಿಲು ತೆರೆದೊಡನೆ ಜಪಾನಿನ ನಾಲ್ಕು ಕಂಪೆನಿಗಳು ಒಂದರ ಹಿಂದೆ ಒಂದು ಬಂದವು. 1984ರಲ್ಲಿ ಹೊಸೂರಿನ ಟಿವಿಎಸ್ ಜೊತೆಗೆ ಸುಜುಕಿ. 1985ರಲ್ಲಿ ಹೀರೋ ಜೊತೆಗೆ ಹೋಂಡಾ. ಅದೇ ವರ್ಷದ ಕೊನೆಗೆ ಎಸ್ಕಾರ್ಟ್ಸ್ ಜೊತೆಗೆ ಯಮಹಾ. ಮರುವರ್ಷ ಬಜಾಜ್ ಜೊತೆಗೆ ಕವಾಸಾಕಿ. ನಾಲ್ಕೂ ನೂರು ಸಿಸಿ ಸುತ್ತಿನವೇ. ಹೋಂಡಾ ಪೆಟ್ರೋಲು ಉಳಿಸಿತು. ಯಮಹಾದ ಆರ್‌ಎಕ್ಸ್ 100 ಹುಡುಗರ ನಿದ್ದೆ ಕೆಡಿಸಿತು. 98 ಸಿಸಿಯ ಎರಡು ಸ್ಟ್ರೋಕಿನ ಪುಟ್ಟ ಎಂಜಿನಿನಲ್ಲಿ 11 ಅಶ್ವಶಕ್ತಿ, ನೂರು ಕಿಲೋವಿನ ಆಸುಪಾಸಿನ ತೂಕ. ಏರುತಗ್ಗುಗಳ ನಮ್ಮ ಊರಿಗೆ ಹೇಳಿ ಮಾಡಿಸಿದ ಹಾಗಿತ್ತು. ಮಾಲಿನ್ಯ ನಿಯಮಗಳು ಬಿಗಿಯಾದಾಗ, 1996ರಲ್ಲಿ, ಅದರ ತಯಾರಿಕೆ ನಿಂತಿತು. ಮೈಸೂರಿನ ಕಾರ್ಖಾನೆಯೂ ಅದೇ ವರ್ಷ ಮುಚ್ಚಿತು.

ಮೇಸ್ತ್ರಿಯವರು ಓವರ್‌ಟೈಮಿನ ಹಣ ಕೂಡಿಸಿ 1987ರಲ್ಲಿ ಕಪ್ಪು ಬಣ್ಣದ ಆರ್‌ಎಕ್ಸ್ ಕೊಂಡರು. ಕೆಎ-19 ಎಂಬ ಗುರುತು ಬರುವುದಕ್ಕಿಂತ ಹಿಂದಿನ ಸಂಖ್ಯೆ ಅದರದು. ಮಗಳನ್ನು ಟ್ಯಾಂಕಿನ ಮೇಲೆ ಕುಳ್ಳಿರಿಸಿಕೊಂಡು ಶಾಲೆಗೆ ಬಿಡುತ್ತಿದ್ದರು. ಅವಳು ಕಾಲೇಜು ಸೇರಿದ ಮೇಲೆ ಅದರಲ್ಲೇ ಅವಳಿಗೆ ಗೇರು ಹಾಕುವುದನ್ನು ಕಲಿಸಿದರು. 2011ರ ಹೊತ್ತಿಗೆ ಬಿಡಿಭಾಗ ಸಿಗದೆ ಬೈಕು ಹಿತ್ತಿಲಿನ ಹಂಚಿನ ಮಾಡಿನ ಕೆಳಗೆ ನಿಂತಿತು. ಒಮ್ಮೆ ನಿಂತದ್ದು ನಿಂತೇ ಇತ್ತು.

2022ರಲ್ಲಿ ಮೇಸ್ತ್ರಿಯವರ ಬಲಗೈ ನಡುಗತೊಡಗಿತು. ವೈದ್ಯರು ಅದನ್ನು ಪಾರ್ಕಿನ್‌ಸನ್ ಕಾಯಿಲೆ ಎಂದರು. ನಮ್ಮ ಹಿರಿಯರು ಕಂಪವಾತ ಎನ್ನುತ್ತಿದ್ದುದು. ಔಷಧಿಯಿಂದ ನಡುಕ ಹತೋಟಿಗೆ ಬರುತ್ತದೆ, ಕಾಯಿಲೆ ಹೋಗುವುದಿಲ್ಲ. ಇನ್ನು ವಾಹನ ಓಡಿಸಬಾರದೆಂದೂ ಅಪ್ಪಣೆಯಾಯಿತು. ಮರುವರ್ಷದ ಜೂನ್ ತಿಂಗಳ ಒಂದು ಸಂಜೆ ಅವರು ನನ್ನೊಡನೆ, "ಮಾಷ್ಟ್ರೇ, ಬೈಕನ್ನು ಒಮ್ಮೆ ಪೂರ ಬಿಚ್ಚಿ ಸರಿ ಮಾಡ್ಬೇಕು ಅಂತ ಉಂಟು. ಇನ್ನೊಬ್ಬರಿಗೆ ಕೊಟ್ಟರೆ ಪೈಂಟ್ ಹೊಡೆದು ಕೊಡ್ತಾರೆ, ಕೆಲಸ ಮಾಡುದಿಲ್ಲ. ತಲೆ ನನ್ನದು, ಕೈ ನಿಮ್ಮದು. ಆಗ್ತದಾ?" ಎಂದರು. ನಾನು ಮೂವತ್ತು ವರ್ಷ ಸೀಮೆಸುಣ್ಣ ಹಿಡಿದವನು, ಸ್ಪ್ಯಾನರ್ ಹಿಡಿದವನಲ್ಲ. ಆದರೆ ಪಿಸ್ಟನ್ನಿನ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ನಿಜವಾದ ಪಿಸ್ಟನ್ ಕೈಗೆ ಬರುವುದಾದರೆ ಬೇಡವೆನ್ನಲು ಮನಸ್ಸಾಗಲಿಲ್ಲ.

ಹೀಗೆ ಎಪ್ಪತ್ತು ದಾಟಿದ ಮೇಲೆ ನಾನು ವಿದ್ಯಾರ್ಥಿಯಾದೆ. ಮೇಷ್ಟ್ರುಗಿರಿ ಮೇಸ್ತ್ರಿಯವರದು.

ಮೊದಲ ಪಾಠ ಸ್ಕ್ರೂವಿನದು. ಎಂಜಿನಿನ ಪಕ್ಕದ ಮುಚ್ಚಳಗಳನ್ನು ಬಿಗಿದಿರುವ, ತಲೆಯ ಮೇಲೆ ಕೂಡಿಸುವ ಚಿಹ್ನೆಯಿರುವ ಸ್ಕ್ರೂಗಳನ್ನು ನಾವೆಲ್ಲ 'ಸ್ಟಾರ್ ಸ್ಕ್ರೂ' ಎಂದು ಒಂದೇ ಹೆಸರಿನಿಂದ ಕರೆಯುತ್ತೇವೆ. ಜಪಾನಿನವರ ಸ್ಕ್ರೂವಿಗೆ ಅವರದೇ ಅಳತೆಯುಂಟು. ಅಮೆರಿಕದ ಫಿಲಿಪ್ಸ್ ಮಾದರಿಯ ತಿರುಪುಳಿಯ ತುದಿಯು ಅದರೊಳಗೆ ಪೂರ್ತಿ ಕುಳಿತುಕೊಳ್ಳುವುದಿಲ್ಲ. ಬಲ ಹಾಕಿದೊಡನೆ ಮೇಲಕ್ಕೆ ಜಾರಿ, ತಲೆಯ ಅಂಚನ್ನು ಸವೆಸಿಬಿಡುತ್ತದೆ. ನಮ್ಮೂರ ಹಳೆಯ ಜಪಾನೀ ಬೈಕುಗಳಲ್ಲಿ ಸ್ಕ್ರೂವಿನ ತಲೆ ಬೋಳಾಗಿರುವುದು ಇದೇ ಕಾರಣಕ್ಕೆ. ಮೇಸ್ತ್ರಿಯವರು ತಮ್ಮ ಹಳೆಯ ಪೆಟ್ಟಿಗೆಯಿಂದ ಸರಿಯಾದ ತುದಿಯ ತಿರುಪುಳಿಯನ್ನು ತೆಗೆದುಕೊಟ್ಟರು. "ಬಿಚ್ಚುವ ಮೊದಲು ಮಾಡಿದವನು ಎಂತ ಆಲೋಚನೆ ಮಾಡಿದ್ದಾನೆ ಅಂತ ನೋಡ್ಬೇಕು ಮಾರಾಯ್ರೆ. ಸ್ಕ್ರೂವಿಗೂ ಒಂದು ಮರ್ಯಾದೆ ಉಂಟು" ಎಂದರು. ಮಕ್ಕಳ ಉತ್ತರಪತ್ರಿಕೆಯನ್ನು ತಿದ್ದುವವನಿಗೂ ಇದಕ್ಕಿಂತ ಒಳ್ಳೆಯ ಸೂಚನೆ ಬೇಕಾಗಿಲ್ಲ.

ಎರಡನೆಯ ಪಾಠ ತುಕ್ಕಿನದು. ವರ್ಷಕ್ಕೆ ಮೂರೂವರೆ ಮೀಟರಿನಷ್ಟು ಮಳೆ ಬೀಳುವ, ಪಡುವಣದ ಗಾಳಿಯೊಡನೆ ಉಪ್ಪೂ ಬರುವ ಊರು ನಮ್ಮದು. ಹನ್ನೆರಡು ಮಳೆಗಾಲ ಕಂಡ ಬೋಲ್ಟುಗಳು ತಮ್ಮ ಜಾಗಕ್ಕೇ ಬೆಸೆದುಕೊಂಡಿದ್ದವು. ಡೀಸೆಲ್ ಎರೆದು ಮೂರು ದಿನ ಬಿಟ್ಟು, ಬಿಸಿ ಮಾಡಿ, ಮುಂದಕ್ಕೆ ಒಂದು ಎಳೆ, ಹಿಂದಕ್ಕೆ ಎರಡು ಎಳೆ ತಿರುಗಿಸುತ್ತ ಬಿಚ್ಚಬೇಕು. ಅವಸರ ಮಾಡಿದರೆ ತಲೆ ತುಂಡಾಗಿ ಕೈಗೆ ಬರುತ್ತದೆ. ಸಣ್ಣ ಬೋಲ್ಟು, ನಟ್ಟು, ವಾಷರುಗಳನ್ನು ಅವರು ಬಿಂಬುಳಿ ಜಜ್ಜಿದ ರಸದಲ್ಲಿ ರಾತ್ರಿಯಿಡೀ ನೆನೆಹಾಕಿಸಿದರು. ಬಿಂಬುಳಿಯಲ್ಲಿ ಆಕ್ಸಾಲಿಕ್ ಆಮ್ಲವಿದೆ. ಅದು ತುಕ್ಕನ್ನು ಕರಗಿಸುತ್ತದೆ. ಹಿತ್ತಾಳೆಯ ಪಾತ್ರೆ ಬೆಳಗಲು ನಮ್ಮ ಅಮ್ಮಂದಿರು ಹುಳಿಯನ್ನು ಹಿಡಿದದ್ದು ಸುಮ್ಮನೆ ಅಲ್ಲ. ಬೆಳಗ್ಗೆ ತೊಳೆದು, ಒರಸಿ, ಕೂಡಲೇ ಎಣ್ಣೆ ಸವರಬೇಕು. ತಡವಾದರೆ ನಮ್ಮ ಗಾಳಿಯಲ್ಲಿ ಅರ್ಧ ಗಂಟೆಯೊಳಗೆ ಹೊಸ ತುಕ್ಕು ಮೂಡುತ್ತದೆ.

ಬಿಚ್ಚಿದ ಪ್ರತಿಯೊಂದು ಭಾಗದ ಹೆಸರು, ಅಳತೆ, ಅದು ಕುಳಿತಿದ್ದ ದಿಕ್ಕು, ಬಿಚ್ಚಿದ ಕ್ರಮ ಇವನ್ನೆಲ್ಲ ನಾನು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡೆ. ಮೇಸ್ತ್ರಿಯವರಿಗೆ ಇದು ಮೊದಲು ನಗೆಯ ವಿಷಯವಾಗಿತ್ತು. ಅವರ ವಿದ್ಯೆಯೆಲ್ಲ ಕೈಯಲ್ಲಿತ್ತು, ಕಾಗದದಲ್ಲಿರಲಿಲ್ಲ. ಕೆಲವು ವಾರಗಳ ಬಳಿಕ ಅವರೇ, "ಇದನ್ನೂ ಬರ್ಕೊಳ್ಳಿ" ಎನ್ನತೊಡಗಿದರು. ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕು ಎಂದು ಕೇಳಿದರೆ ಅವರಿಗೆ ಅಂಕಿಯಲ್ಲಿ ಹೇಳಲು ಬರುತ್ತಿರಲಿಲ್ಲ. ನನ್ನ ಕೈಯ ಮೇಲೆ ತಮ್ಮ ಕೈಯನ್ನಿಟ್ಟು ಒತ್ತಿ ತೋರಿಸುತ್ತಿದ್ದರು. ಆ ಕೈ ನಡುಗುತ್ತಿತ್ತು, ಆದರೆ ಬಲದ ಅಂದಾಜು ನಡುಗುತ್ತಿರಲಿಲ್ಲ.

ಸಿಲಿಂಡರಿನ ಒಳಗೋಡೆ ಸವೆದು ಗೆರೆ ಬಿದ್ದಿತ್ತು. ಅದನ್ನು ನಗರದ ಲೇತ್ ವರ್ಕ್ಸ್ ಒಂದಕ್ಕೆ ಒಯ್ದು, ಅರ್ಧ ಮಿಲಿಮೀಟರ್ ದೊಡ್ಡದು ಮಾಡಿಸಿ, ಅದಕ್ಕೆ ಹೊಂದುವ ದೊಡ್ಡ ಅಳತೆಯ ಪಿಸ್ಟನ್ ಹಾಕಿಸಿದೆವು. ಇಲ್ಲಿ ಗಣಿತದ ಮೇಷ್ಟ್ರಿಗೆ ಸುಮ್ಮನಿರಲು ಆಗಲಿಲ್ಲ. ಆರ್‌ಎಕ್ಸ್ ಎಂಜಿನಿನ ಸಿಲಿಂಡರಿನ ವ್ಯಾಸ 50 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರವೂ 50 ಮಿಲಿಮೀಟರ್. ಸಿಲಿಂಡರಿನ ಘನಫಲದ ಸೂತ್ರ ಮರೆತಿರದಿದ್ದರೆ ಲೆಕ್ಕ ಹಾಕಿ ನೋಡಿ: ಸುಮಾರು 98.2 ಘನ ಸೆಂಟಿಮೀಟರ್. ವ್ಯಾಸ 50.5 ಆದಾಗ ಅದು 100.1 ಆಗುತ್ತದೆ. ಹೆಸರಿನಲ್ಲಿ ಮಾತ್ರ ನೂರಿದ್ದದ್ದು ಮುಪ್ಪಿನಲ್ಲಿ ನಿಜವಾಗಿಯೂ ನೂರಾಯಿತು! ಈ ಸಂಗತಿಯನ್ನು ಹೇಳಿದಾಗ ಮೇಸ್ತ್ರಿಯವರು ಬಹಳ ಹೊತ್ತು ನಕ್ಕರು. ಮೂವತ್ತೈದು ವರ್ಷ ರಿಬೋರ್ ಮಾಡಿಸಿದವರಿಗೆ ಈ ಲೆಕ್ಕ ಹೊಸದಾಗಿತ್ತು.

ಟ್ಯಾಂಕಿನ ಮೇಲಿದ್ದ ಯಮಹಾದ ಗುರುತನ್ನು ಉಜ್ಜಿ ತೊಳೆಯುವಾಗ ನಾನು ಅವರಿಗೆ ಕೊಡಬಹುದಾದ ಇನ್ನೊಂದು ಪಾಠ ನೆನಪಾಯಿತು. ಆ ಗುರುತಿನಲ್ಲಿರುವುದು ಒಂದರ ಮೇಲೊಂದು ಅಡ್ಡವಾಗಿಟ್ಟ ಮೂರು ಶ್ರುತಿಕವೆಗಳು. ಪ್ರಯೋಗಶಾಲೆಯಲ್ಲಿ ರಬ್ಬರಿಗೆ ತಟ್ಟಿ ಕಿವಿಯ ಬಳಿ ಹಿಡಿಯುತ್ತಿದ್ದ ಇಕ್ಕಳದಂಥ ಸಾಧನವನ್ನು ನೀವು ಮರೆತಿರಲಾರಿರಿ. ಬೈಕಿನ ಮೇಲೆ ಅದೇಕೆ ಬಂತು? 1887ರಲ್ಲಿ ಜಪಾನಿನ ಹಮಾಮತ್ಸು ಎಂಬ ಊರಿನ ಪ್ರಾಥಮಿಕ ಶಾಲೆಯೊಂದರಲ್ಲಿ ವಿದೇಶದಿಂದ ತರಿಸಿದ ರೀಡ್ ಆರ್ಗನ್ ಕೆಟ್ಟು ನಿಂತಿತು. ನಮ್ಮ ಹಾರ್ಮೋನಿಯಮ್ಮಿನ ದೊಡ್ಡಣ್ಣನೆನ್ನಬಹುದಾದ ವಾದ್ಯ. ಅದನ್ನು ದುರಸ್ತಿ ಮಾಡಲು ಬಂದವನು ತೊರಾಕುಸು ಯಮಹಾ. ಒಳಗನ್ನು ನೋಡಿ ಅರ್ಥ ಮಾಡಿಕೊಂಡು, ಅಂಥದೇ ಒಂದನ್ನು ತಾನೇ ತಯಾರಿಸಿದ. ಸ್ನೇಹಿತನೊಬ್ಬನ ಜೊತೆಗೂಡಿ ಅದನ್ನು ಕಂಬಕ್ಕೆ ಕಟ್ಟಿ ಹೆಗಲ ಮೇಲೆ ಹೊತ್ತು, ಹಕೋನೆ ಬೆಟ್ಟಗಳನ್ನು ನಡೆದೇ ದಾಟಿ ತೋಕಿಯೊಗೆ ಪರೀಕ್ಷೆಗೆ ಒಯ್ದ. ಶ್ರುತಿ ಸರಿಯಿಲ್ಲವೆಂದು ಅಲ್ಲಿನ ಪಂಡಿತರು ಹೇಳಿದಾಗ ಅಲ್ಲಿಯೇ ಉಳಿದು ಶ್ರುತಿಶಾಸ್ತ್ರವನ್ನು ಕಲಿತು, ಊರಿಗೆ ಮರಳಿ ಎರಡನೆಯದನ್ನು ಮಾಡಿದ. ವಾದ್ಯಗಳ ಆ ಕಂಪೆನಿಯು ಮೋಟರ್‌ಸೈಕಲ್ ಮಾಡಿದ್ದು 1955ರಲ್ಲಿ. ಅದೂ ಜರ್ಮನಿಯ ಡಿಕೆಡಬ್ಲ್ಯು ಕಂಪೆನಿಯ 125 ಸಿಸಿ ಬೈಕನ್ನು ಮಾದರಿಯಾಗಿಟ್ಟುಕೊಂಡು. ಎಲ್ಲದರ ಮೂಲದಲ್ಲಿ ಒಂದು ಶಾಲೆ, ಒಂದು ದುರಸ್ತಿ, ಮತ್ತು ಹೊರೆಗೆ ಹೆಗಲು ಕೊಟ್ಟ ಒಬ್ಬ ಗೆಳೆಯ. "ಹಾಗಾದ್ರೆ ಅವನೂ ನಮ್ಮ ಜಾತಿಯವನೇ" ಎಂದರು ಮೇಸ್ತ್ರಿಯವರು.

ಇಷ್ಟರವರೆಗೆ ನಮ್ಮಿಬ್ಬರದೇ ಕೆಲಸವಾಗಿತ್ತು. ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ ರಜೆಯಲ್ಲಿ ಬಂದಾಗ ಚರ್ಚೆ ಆರಂಭವಾಯಿತು. ಅವನ ದೂರವಾಣಿಯಲ್ಲಿ ಬಗೆಬಗೆಯ ಚಿತ್ರಗಳಿದ್ದವು: ಹಿಂದಿನ ಮಡ್‌ಗಾರ್ಡ್ ಕತ್ತರಿಸಿದ್ದು, ಹ್ಯಾಂಡಲ್ ಕೆಳಕ್ಕೆ ಬಾಗಿಸಿದ್ದು, ದಪ್ಪ ಟಯರು, ಗುಂಡು ಹಾರಿದಂತೆ ಸದ್ದು ಮಾಡುವ ಸೈಲೆನ್ಸರ್. "ಅಜ್ಜ, ಹಾಗೇ ಇಟ್ಟರೆ ಎಂತ ವಿಶೇಷ? ನಮ್ಮದು ಅಂತ ಏನಾದ್ರೂ ಇರ್ಬೇಕಲ್ವಾ?" ಎಂದು ಅವನ ವಾದ. ಹುಡುಗನ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ತನ್ನದೆಂಬ ಗುರುತನ್ನು ಬಿಡುವ ಆಸೆ ಮನುಷ್ಯನಿಗೆ ಸಹಜ.

ಮೇಸ್ತ್ರಿಯವರು ಗದರಲಿಲ್ಲ. ಕಳಚಿಟ್ಟಿದ್ದ ಸೈಲೆನ್ಸರನ್ನು ಅವನ ತೊಡೆಯ ಮೇಲಿಟ್ಟು, ಅದು ಮೊದಲು ಹಿಗ್ಗುತ್ತ ಹೋಗಿ ಆಮೇಲೆ ಕುಗ್ಗುವುದೇಕೆಂದು ಕೇಳಿದರು. ಎರಡು ಸ್ಟ್ರೋಕಿನ ಎಂಜಿನಿನಲ್ಲಿ ಹೊಗೆ ಹೊರಗೆ ಹೋಗುವ ದಾರಿಯಲ್ಲೇ ಒಂದಿಷ್ಟು ಹೊಸ ಪೆಟ್ರೋಲು-ಗಾಳಿಯೂ ಸೋರಿಹೋಗುತ್ತದೆ. ಹೊರಟ ಒತ್ತಡದ ಅಲೆಯು ಕೊಳವೆಯ ಕುಗ್ಗಿದ ಭಾಗಕ್ಕೆ ಬಡಿದು ಪ್ರತಿಧ್ವನಿಯಂತೆ ಹಿಂದಿರುಗಿ, ಸೋರಿದ್ದನ್ನು ಸರಿಯಾದ ಗಳಿಗೆಗೆ ಸಿಲಿಂಡರಿನೊಳಕ್ಕೆ ನೂಕುತ್ತದೆ. ಅಂದರೆ ಆ ಕೊಳವೆ ಸದ್ದಡಗಿಸುವ ಡಬ್ಬಿಯಷ್ಟೇ ಅಲ್ಲ, ಎಂಜಿನಿನದೇ ಒಂದು ಅಂಗ. ಇದನ್ನು ಲೆಕ್ಕಾಚಾರದ ವಿದ್ಯೆಯಾಗಿ ಬೆಳೆಸಿದವರಲ್ಲಿ ಮುಖ್ಯನಾದವನು ಪೂರ್ವ ಜರ್ಮನಿಯ ಎಂಜೆಡ್ ಕಂಪೆನಿಯ ವಾಲ್ಟರ್ ಕಾಡೆನ್. ಬರ್ಲಿನ್ ಗೋಡೆ ಎದ್ದ 1961ರಲ್ಲೇ ಆ ಕಂಪೆನಿಯ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದ ನಂತರ ದೇಶ ಬಿಟ್ಟು ಓಡಿ, ಆ ವಿದ್ಯೆಯೊಡನೆ ಜಪಾನಿನ ಸುಜುಕಿಯನ್ನು ಸೇರಿದ. ಮರುವರ್ಷವೇ ಸುಜುಕಿಗೆ 50 ಸಿಸಿ ವಿಭಾಗದ ವಿಶ್ವ ಪ್ರಶಸ್ತಿ ಬಂತು. ಒಂದು ದೇಶದ ಗುಟ್ಟಾಗಿದ್ದ ಕೊಳವೆಯ ಒಳಹೊಟ್ಟೆಯನ್ನು ಸದ್ದಿಗಾಗಿ ತೆಗೆದುಬಿಡುವುದೆಂದರೆ ಶ್ರುತಿ ಸೇರಿಸಿದ ತಂಬೂರಿಯ ಬಿರಡೆಯನ್ನು ಕಿತ್ತ ಹಾಗೆ. ಕಾನೂನೂ ಇದಕ್ಕೆ ಒಪ್ಪುವುದಿಲ್ಲ. ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಾಯಿಸಬಾರದೆಂದು ಮೋಟಾರು ವಾಹನ ಕಾಯಿದೆಯ 52ನೆಯ ವಿಧಿ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ. ಹುಡುಗ ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಮರುದಿನದಿಂದ ಅದರೊಳಗೆ ಕಟ್ಟಿದ್ದ ಕರಿಯನ್ನು ಕೆರೆಯುವ ಕೆಲಸವನ್ನು ತಾನೇ ವಹಿಸಿಕೊಂಡ.

ಹಾಗೆಂದು ಮೇಸ್ತ್ರಿಯವರು ಬೈಕನ್ನು ಕಾರ್ಖಾನೆಯಿಂದ ಬಂದಂತೆಯೇ ಇಟ್ಟರೆಂದು ತಿಳಿಯಬೇಡಿ. ಒಂದೊಂದು ವಾಷರಿಗೂ ಮೂಲದ ಅಳತೆಯೇ ಆಗಬೇಕೆಂದು ಹಟ ಹಿಡಿದಿದ್ದ ಅವರು, ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಕೇಬಲು ತರಿಸಿ ಎರಡು ಸಲ ಹಿಂದಕ್ಕೆ ಕಳುಹಿಸಿದ್ದ ಅವರು, ಸೀಟು ಹೊಲಿಸುವ ದಿನ ಬಂದಾಗ, "ಸ್ಪಂಜು ಒಂದು ಇಂಚು ಇಳಿಸ್ಲಿಕ್ಕೆ ಹೇಳಿ" ಎಂದರು. ನನಗೆ ಆಶ್ಚರ್ಯವಾಯಿತು. ಆಮೇಲೆ ಹ್ಯಾಂಡಲನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಬಿಗಿಯಲು ಹೇಳಿದರು. ಎಡಬದಿಗೂ ಒಂದು ಕನ್ನಡಿ ಹಾಕಿಸಿದರು. ಕ್ಲಚ್ಚಿನ ಹಿಡಿ ಹಗುರವಾಗುವ ತನಕ ಕೇಬಲಿಗೆ ಎಣ್ಣೆ ಬಿಡಿಸಿದರು. ಅವರು ನನಗಿಂತಲೂ ನಾಲ್ಕಂಗುಲ ಎತ್ತರದ ಆಳು. ಈ ಅಳತೆಗಳು ಅವರವಾಗಿರಲಿಲ್ಲ. ಯಾರವೆಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಾಲೇಜಿನ ದಿನಗಳಲ್ಲಿ ಇದೇ ಬೈಕಿನಲ್ಲಿ ಕಲಿಯುವಾಗ ಮಗಳಿಗೆ ಕಾಲು ನೆಲಕ್ಕೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದಿನ ಆ ಒಂದು ಇಂಚನ್ನು ಅವರು ನೆನಪಿನಲ್ಲಿಟ್ಟಿದ್ದರು.

ನಮ್ಮ ದುರಸ್ತಿಯ ಹದಿನೆಂಟು ತಿಂಗಳಲ್ಲಿ ನಾನು ಕಂಡುಕೊಂಡ ಒಂದು ಮಾತಿದ್ದರೆ ಇದೇ. ಬದಲಾವಣೆ ಮಾಡಬೇಕೇ ಬೇಡವೇ ಎಂದು ಮೊಮ್ಮಗನೂ ನಾನೂ ವಾದಿಸುತ್ತಿದ್ದೆವು. ಮೇಸ್ತ್ರಿಯವರ ಪ್ರಶ್ನೆಯೇ ಬೇರೆ, ಯಾರಿಗಾಗಿ ಎಂಬುದು. ನೋಡುವವರಿಗಾಗಿ ಅವರು ಒಂದು ಸ್ಟಿಕ್ಕರನ್ನೂ ಅಂಟಿಸಲಿಲ್ಲ. ಕೂರುವವಳಿಗಾಗಿ ಸೀಟನ್ನೇ ತಗ್ಗಿಸಿದರು. ಮಾಡಿದವನ ಆಲೋಚನೆಯನ್ನು ಕೆಡಿಸದೆ, ಬಳಸುವವರ ದೇಹಕ್ಕೆ ಹೊಂದಿಸುವುದು. ಪಾಠ ಹೇಳುವವರಿಗೂ ಇದು ಅನ್ವಯಿಸುತ್ತದೆಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಈಗ ಅಧ್ಯಾಪಕರಾಗಿರುವವರು ಒಪ್ಪಬಹುದು.

2024ರ ಡಿಸೆಂಬರಿನ ಮೊದಲ ಭಾನುವಾರ ಎಂಜಿನು ಮೊದಲ ಬಾರಿಗೆ ಮಾತಾಡಿತು. ಹನ್ನೊಂದನೆಯ ಒದೆತಕ್ಕೆ. ಒದ್ದವನು ಮೊಮ್ಮಗ. ನೀಲಿ ಹೊಗೆ ತೆಂಗಿನ ಬುಡದವರೆಗೆ ಹರಡಿತು. ಒಳಗಿನಿಂದ ನನ್ನ ಶ್ರೀಮತಿಯವರ ಕೆಮ್ಮೂ ಕೇಳಿಸಿತು. ಮೇಸ್ತ್ರಿಯವರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತು, ಸದ್ದನ್ನಷ್ಟೇ ಕೇಳಿ, "ಗಾಳಿ ಸ್ಕ್ರೂ ಕಾಲು ಸುತ್ತು ಹೊರಗೆ... ಸಾಕು" ಎಂದರು. ಬಡಿತ ಸಮವಾಯಿತು. ಆಮೇಲೆ ಎದ್ದು ಬಂದು ಬಲಗೈಯನ್ನು ಹ್ಯಾಂಡಲಿನ ಮೇಲಿಟ್ಟರು. ಎಂಜಿನಿನ ಅದುರಿಗೆ ಹ್ಯಾಂಡಲ್ ನಡುಗುತ್ತಿತ್ತು, ಕೈಯೂ. "ಈಗ ನಡುಗುದು ಯಾರು ಅಂತ ಗೊತ್ತಾಗುದಿಲ್ಲ, ಅಲ್ವಾ ಮಾಷ್ಟ್ರೇ?" ಎಂದು ನಕ್ಕರು. ಮಗಳು ಆ ಮಾತು ಕೇಳಿಸದವಳಂತೆ ಹೆಲ್ಮೆಟ್ಟಿನ ಪಟ್ಟಿಯನ್ನು ಸರಿಮಾಡಿಕೊಳ್ಳುತ್ತಿದ್ದಳು. ಪಟ್ಟಿ ಸರಿಯಾಗಿಯೇ ಇತ್ತು.

ನೋಂದಣಿಯ ನವೀಕರಣಕ್ಕೆ ಓಡಾಟ ಸಾಕಷ್ಟಾಯಿತು. ಹದಿನೈದು ವರ್ಷ ಕಳೆದ ಖಾಸಗಿ ವಾಹನಕ್ಕೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. 2022ರ ಏಪ್ರಿಲಿನಿಂದ ದ್ವಿಚಕ್ರಕ್ಕೆ ಆ ಶುಲ್ಕ 300 ರೂಪಾಯಿಯಿಂದ 1000ಕ್ಕೆ ಏರಿತ್ತು. ತಡವಾದುದಕ್ಕೆ ದಂಡ, ಮತ್ತೆ ಹಸಿರು ತೆರಿಗೆ ಪ್ರತ್ಯೇಕ. ಎರಡು ಸ್ಟ್ರೋಕಿನ ಎಂಜಿನು ಪೆಟ್ರೋಲಿನೊಡನೆ ಎಣ್ಣೆಯನ್ನೂ ಸುಡುವಂಥದು, ಗಾಳಿಗೆ ಅದು ಒಳ್ಳೆಯದಲ್ಲ. ಹಾಗಾಗಿ ಹಸಿರು ತೆರಿಗೆಯ ಬಗ್ಗೆ ನಮ್ಮಿಬ್ಬರಿಗೂ ತಕರಾರಿರಲಿಲ್ಲ. ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ ಮಾತ್ರ ಬೈಕನ್ನು ಹೊರಗೆ ತೆಗೆಯುವುದೆಂದು ಮನೆಯಲ್ಲೇ ನಿಯಮವಾಗಿದೆ.

ನಿಮ್ಮಲ್ಲಿ ಯಾರ ಮನೆಯ ಹಿಂದಾದರೂ ಇಂಥದೊಂದು ನಿಂತಿದ್ದರೆ ಎರಡು ಮಾತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಪೆಟ್ರೋಲು ಹರಿಯುವ ದಾರಿಯ ರಬ್ಬರ್ ಕೊಳವೆಗಳನ್ನೂ ವಾಷರುಗಳನ್ನೂ ಮೊದಲು ಹೊಸದು ಮಾಡಿಸಿ. ಮಳೆಗಾಲದಲ್ಲಿ ಬೈಕು ನಿಲ್ಲುವುದಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಬರಿದು ಮಾಡಿಡಿ. ಎರಡನೆಯದು, ಅದನ್ನು ಬಲ್ಲವರು ಬದುಕಿರುವಾಗಲೇ ಬಿಚ್ಚಿ. ಬಿಡಿಭಾಗಗಳು ಹತ್ತು ವರ್ಷ ಕಳೆದರೂ ಎಲ್ಲಿಯಾದರೂ ಸಿಕ್ಕಾವು. ಎಷ್ಟು ಬಿಗಿಯಬೇಕೆಂದು ನಿಮ್ಮ ಕೈಯ ಮೇಲೆ ಕೈಯಿಟ್ಟು ತೋರಿಸುವವರು ಸಿಗಲಾರರು.

ನೋಟುಪುಸ್ತಕ ಈಗ 140 ಪುಟಗಳಾಗಿದೆ. ಅದರ ಒಂದು ಪ್ರತಿ ಮೊಮ್ಮಗನಲ್ಲಿದೆ. ಈ ವರ್ಷ ಮೇಸ್ತ್ರಿಯವರ ಮಾತು ಸ್ವಲ್ಪ ನಿಧಾನವಾಗಿದೆ, ಗಾಂಧಿ ಪಾರ್ಕಿನ ದಾರಿಯಲ್ಲಿ ನಾವು ಎರಡು ಕಡೆ ಕುಳಿತು ಹೋಗುತ್ತೇವೆ. ಆದರೂ ಮಗಳು ಭಾನುವಾರ ಉರ್ವದ ಕಡೆಯಿಂದ ತಿರುಗಿ ಬರುವಾಗ, ಬೈಕು ಕಣ್ಣಿಗೆ ಬೀಳುವ ಮೊದಲೇ ಅವರು ತಲೆಯೆತ್ತಿ, "ಮೂರನೇ ಗೇರಿನಲ್ಲಿ ಬರ್ತಾ ಇದ್ದಾಳೆ. ಎರಡಕ್ಕೆ ಇಳಿಸ್ಬೇಕಿತ್ತು" ಎನ್ನುತ್ತಾರೆ. ಈ ವಾಕ್ಯವನ್ನೂ ನಾನು ಬರೆದಿಟ್ಟುಕೊಂಡಿದ್ದೇನೆ.